ಅಬಚೂರಿನಲ್ಲಿ ನಕ್ಕವರು, ನಗದವರು

ಈ ಸಂಚಿಕೆ ಒಂದು ತಮಾಷೆ ಸಿನಿಮಾದ ಬಗ್ಗೆ. ಸಿನಿಮಾ ವಿಮರ್ಶೆ ಅಂದುಕೊಂಡು ಕಿವಿ ಕೊಟ್ಟವರಿಗೆ ಮೊದಲೇ ಹೇಳಿಬಿಡ್ತೀನಿ, ಸ್ಟಾರ್ ಎಷ್ಟು ಕೊಡಬೇಕು ಅನ್ನೋ ಲೆಕ್ಕ ಇಲ್ಲಿಲ್ಲ. 2023ರ ಮೇ 19ರಂದು ತೆರೆಗೆ ಬಂದ ‘ಡೇರ್‌ಡೆವಿಲ್ ಮುಸ್ತಾಫಾ’ ನೋಡಿ ನಮ್ಮ ಮೂಡಿಗೆರೆ, ಕಳಸ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಒಂದೇ ಸೋಫಾದ ಮೇಲೆ ಕೂತವರು ಎರಡು ಪಕ್ಷ ಆಗಿಬಿಟ್ಟರು. ನಮ್ಮ ಮನೆಯಲ್ಲಂತೂ ಆದರು. ಆ ಜಗಳದ ಬೇರು ಎಲ್ಲಿದೆ ಅಂತ ಹುಡುಕಿದರೆ 1973ಕ್ಕೆ ಹೋಗಬೇಕಾಗುತ್ತೆ, ನಡುವೆ ಒಂದು ಸಲ 1940ರ ಬಾಂಬೆಗೂ ಹೋಗಿ ಬರಬೇಕಾಗುತ್ತೆ. ಬನ್ನಿ.

ಮೊದಲು ರಜೆಯ ವಿಷಯ. ಕಾಫಿ ಸೀಮೆಯಲ್ಲಿ ರಜೆಯನ್ನು ನಿಗದಿ ಮಾಡೋದು ಗಿಡ. ದೀಪಾವಳಿ ಕಳೆಯುವ ಹೊತ್ತಿಗೆ ಅರೇಬಿಕಾ ಹಣ್ಣು ಕೆಂಪಾಗಿರುತ್ತೆ. ಊರೆಲ್ಲ ಕ್ರಿಸ್‌ಮಸ್, ಹೊಸವರ್ಷ ಅಂತ ನಮ್ಮ ಬೆಟ್ಟಗಳಿಗೆ ಕಾರು ಹತ್ತಿಸಿಕೊಂಡು ಬರುವಾಗ ನಮ್ಮ ಜನ ಪಲ್ಪರ್ ಮನೆಯಲ್ಲೋ ಕಣದಲ್ಲೋ ಇರ್ತಾರೆ. ಸಂಕ್ರಾಂತಿ ದಾಟಿದರೆ ರೋಬಸ್ಟಾ ಕೊಯ್ಲು. ಅದು ಮುಗಿಯಿತು ಅನ್ನುವಾಗ ಹೂಮಳೆ ಬರುತ್ತೋ ಇಲ್ಲವೋ ಅಂತ ಮುಗಿಲು ನೋಡೋ ಕೆಲಸ. ಇದೆಲ್ಲ ಕಳೆದು, ಮರಗಸಿ ಅರ್ಧ ಆಗಿ, ಮುಂಗಾರು ಘಟ್ಟ ಹತ್ತೋಕೆ ಇನ್ನೂ ಎರಡು ಮೂರು ವಾರ ಇದೆ ಅನ್ನೋ ಮೇ ತಿಂಗಳೇ ಇಲ್ಲಿ ಉಸಿರು ಬಿಡೋ ಕಾಲ. ಶಾಲೆಗೆ ರಜೆ, ಬೆಂಗಳೂರಿನಿಂದ ಅಕ್ಕ ತಂಗಿಯರ ಮಕ್ಕಳು, ಹಲಸಿನ ಹಣ್ಣು, ಮದುವೆ ಮನೆ ಊಟ. ಆ ಹದಿನೈದು ಇಪ್ಪತ್ತು ದಿನದಲ್ಲಿ ಒಂದು ಸಿನಿಮಾ ಆಗಲೇಬೇಕು, ಅದು ನಗಿಸೋ ಸಿನಿಮಾ ಆಗಿರಬೇಕು, ಅಜ್ಜಿಯಿಂದ ಮೊಮ್ಮಗನ ತನಕ ಎಲ್ಲರೂ ಕೂತು ನೋಡುವಂತಿರಬೇಕು. ಇದು ನಮ್ಮ ಕಡೆಯ ಬರೆಯದ ಕಾನೂನು.

2023ರ ಮೇ ತಿಂಗಳು ಸ್ವಲ್ಪ ಬಿಸಿಯಾಗಿಯೇ ಇತ್ತು. 10ನೇ ತಾರೀಕು ವಿಧಾನಸಭೆಗೆ ಮತದಾನ, 13ಕ್ಕೆ ಫಲಿತಾಂಶ. ಊರಿಗೆ ಊರೇ ಅದೇ ಮಾತಿನಲ್ಲಿತ್ತು. 18ರ ಗುರುವಾರ ರಾತ್ರಿ ಹೈದರಾಬಾದಿನಲ್ಲಿ ಕೊಹ್ಲಿ ನೂರು ಹೊಡೆದು ಆರ್‌ಸಿಬಿಯನ್ನು ಗೆಲ್ಲಿಸಿದರು. ಮರುದಿನ ಶುಕ್ರವಾರ ಮುಸ್ತಾಫಾ ಬಂದ. ಅದಾಗಿ ಎರಡು ದಿನಕ್ಕೆ, ಭಾನುವಾರ, ಕೊಹ್ಲಿ ಮತ್ತೆ ನೂರು ಹೊಡೆದರೂ ಚಿನ್ನಸ್ವಾಮಿಯಲ್ಲಿ ಗುಜರಾತ್ ಗೆದ್ದು ನಮ್ಮ ಕಥೆ ಆ ವರ್ಷಕ್ಕೆ ಮುಗಿಯಿತು. ಕ್ರಿಕೆಟ್ ಸುತ್ತ ಸುತ್ತೋ ಒಂದು ತಮಾಷೆ ಸಿನಿಮಾಕ್ಕೆ ಇದಕ್ಕಿಂತ ಒಳ್ಳೆ ವಾರವೂ ಇಲ್ಲ, ಕೆಟ್ಟ ವಾರವೂ ಇಲ್ಲ.

ಈ ಸಿನಿಮಾ ಹುಟ್ಟಿದ ಬಗೆಯೇ ಒಂದು ಕಥೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿರೋ ಕೆಲವೇ ಪುಟಗಳ ಕಥೆ ಇದಕ್ಕೆ ಮೂಲ. ನಿರ್ದೇಶಕ ಶಶಾಂಕ್ ಸೋಗಾಲ್‌ಗೆ ಇದು ಮೊದಲ ಸಿನಿಮಾ. ದುಡ್ಡು ಹಾಕಿದ್ದು ದೊಡ್ಡ ನಿರ್ಮಾಪಕರಲ್ಲ, ಸುಮಾರು ನೂರು ಮಂದಿ ತೇಜಸ್ವಿ ಓದುಗರು. ‘ಸಿನಿಮಾಮರ’ ಅನ್ನೋ ಹೆಸರಿನಡಿ ಒಟ್ಟಾಗಿ ಕೈಲಾದಷ್ಟು ಹಾಕಿದರು. ಆಮೇಲೆ ನಟ ಡಾಲಿ ಧನಂಜಯ ಅವರ ಡಾಲಿ ಪಿಕ್ಚರ್ಸ್ ಇದನ್ನು ಅರ್ಪಿಸಿತು. ಒಬ್ಬ ಲೇಖಕ ತೀರಿಕೊಂಡು ಹದಿನಾರು ವರ್ಷ ಆದಮೇಲೆ ಓದುಗರು ಜೇಬಿನಿಂದ ದುಡ್ಡು ತೆಗೆದು ಅವನ ಕಥೆಯನ್ನು ಸಿನಿಮಾ ಮಾಡಿಸೋದು ಅಂದರೆ, ಅದು ಕನ್ನಡದಲ್ಲಿ ದಿನಾ ನಡೆಯೋ ಸಂಗತಿ ಅಲ್ಲ.

ಕಥೆ ಎಲ್ಲರಿಗೂ ಗೊತ್ತಿರಬಹುದು, ಆದರೂ ಎರಡು ಮಾತು. ಅಬಚೂರಿನ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಸೇರ್ತಾನೆ. ಅಲ್ಲಿಯ ತನಕ ಆ ಕ್ಲಾಸಿನ ಹುಡುಗರು ಮುಸ್ಲಿಮರನ್ನು ಪೇಟೆಯಲ್ಲಿ ನೋಡಿದ್ದರೇ ಹೊರತು ಪಕ್ಕದ ಬೆಂಚಿನಲ್ಲಿ ನೋಡಿರಲಿಲ್ಲ. ಅವನ ಹೆಸರು, ಅವನ ಮೌನ, ಅವನ ಮೈಕಟ್ಟು ಎಲ್ಲವೂ ಇವರಿಗೆ ಒಂದು ಒಗಟು, ಸ್ವಲ್ಪ ಭಯ ಕೂಡ. ಕೀಟಲೆ, ಪಂಥ, ಊಹಾಪೋಹ ಎಲ್ಲ ಬೆಳೆದು ಊರಿನ ಪೈಪೋಟಿ ಕ್ರಿಕೆಟ್ ಮೈದಾನಕ್ಕೆ ಬಂದು ನಿಲ್ಲುತ್ತೆ. ಮುಸ್ತಾಫಾ ಆಗಿ ಶಿಶಿರ್ ಬೈಕಾಡಿ, ಅವನಿಗೆ ಎದುರಾಳಿ ರಾಮಾನುಜ ಅಯ್ಯಂಗಾರಿ ಆಗಿ ಆದಿತ್ಯ ಆಶ್ರೀ. ಹಾಸ್ಯ ಅಂದರೆ ಸಣ್ಣ ಮುಗುಳ್ನಗೆ ಮಟ್ಟದ್ದಲ್ಲ, ಕಾಮಿಕ್ಸ್ ಪುಸ್ತಕದ ಬಣ್ಣ ಬಳಿದುಕೊಂಡ, ಬೇಕೆಂದೇ ಅತಿ ಮಾಡುವ ಹಾಸ್ಯ. ಜಗಳ ಶುರುವಾಗೋದು ಇಲ್ಲಿಂದಲೇ.

ನಮ್ಮ ದೊಡ್ಡಪ್ಪ ತೇಜಸ್ವಿಯವರನ್ನು ಮೂಡಿಗೆರೆ ಪೇಟೆಯಲ್ಲಿ ಸ್ಕೂಟರ್ ಮೇಲೆ ನೋಡಿದವರು, ಅವರ ಪುಸ್ತಕ ಬಂದ ವಾರವೇ ತರಿಸಿ ಓದಿದವರು. ಅವರ ಆಕ್ಷೇಪ ನೇರವಾಗಿತ್ತು: “ಅಲ್ಲ ಕಣೋ, ತೇಜಸ್ವಿ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗೋದನ್ನ ಇವರು ಹತ್ತು ನಿಮಿಷ ಕುಣಿಸ್ತಾರಲ್ಲ. ಆ ಕ್ರಿಕೆಟ್ಟು ಯಾಕೆ ಅಷ್ಟುದ್ದ? ‘ಲಗಾನ್’ ಮಾಡೋಕೆ ತೇಜಸ್ವಿ ಯಾಕೆ ಬೇಕಿತ್ತು?” ಅಕ್ಕನ ಮಗಳು ಬೆಂಗಳೂರಿನಲ್ಲಿ ಪಿಯುಸಿ ಓದ್ತಾಳೆ, ತೇಜಸ್ವಿಯವರ ಒಂದು ಪುಟ ಓದಿರಲಿಲ್ಲ. ಅವಳು ಬಿದ್ದು ಬಿದ್ದು ನಕ್ಕಳು. ಮಾರನೇ ದಿನ ಕಪಾಟಿನಿಂದ ‘ಅಬಚೂರಿನ ಪೋಸ್ಟಾಫೀಸು’ ತೆಗೆದು ಜಗಲಿಯಲ್ಲಿ ಕೂತಳು. ದೊಡ್ಡಪ್ಪ ಅದನ್ನು ನೋಡಿ ಏನೂ ಅನ್ನಲಿಲ್ಲ. ನಮ್ಮ ಚಿಕ್ಕಮ್ಮನ ತಕರಾರು ಇನ್ನೊಂದು. “ಎಲ್ಲ ಚೆನ್ನಾಗಿದೆ, ಆದ್ರೆ ಇಷ್ಟು ಸುಲಭಕ್ಕೆ ಜನ ಸರಿಹೋಗ್ತಾರೇನೋ?” ಅಂದರು. ನೆಂಟರ ಪೈಕಿ ಒಬ್ಬರು, ಸಂಬಂಧ ಹೇಳಲ್ಲ, ಮದುವೆ ಮನೆಯಲ್ಲಿ ಸಿಕ್ಕಿದಾಗ “ಅದು ಒಂದು ಕಡೆಯವರಿಗೆ ಬೆಣ್ಣೆ ಹಚ್ಚೋ ಸಿನಿಮಾ” ಅಂದುಬಿಟ್ಟರು. ನೋಡಿದ್ರಾ ಅಂತ ಕೇಳಿದೆ. ಟ್ರೇಲರ್ ನೋಡಿದ್ದರಂತೆ.

ಈ ನಾಲ್ಕು ಅಭಿಪ್ರಾಯದಲ್ಲಿ ಮೊದಲನೆಯದನ್ನು, ಅಂದರೆ ದೊಡ್ಡಪ್ಪನದನ್ನು, ನಾನು ಗಂಭೀರವಾಗಿ ತಗೊಂಡೆ. ಯಾಕೆಂದರೆ ತೇಜಸ್ವಿ ಕಥೆಗಳು ಸಿನಿಮಾ ಆದಾಗಲೆಲ್ಲ ಈ ತಕರಾರು ಎದ್ದಿದೆ, ಆದರೆ ಮೊದಲೆಲ್ಲ ಅದು ಉಲ್ಟಾ ದಿಕ್ಕಿನಿಂದ ಏಳಬೇಕಿತ್ತು, ಏಳಲಿಲ್ಲ. ಬಿಡಿಸಿ ಹೇಳ್ತೀನಿ.

‘ಅಬಚೂರಿನ ಪೋಸ್ಟಾಫೀಸು’ ಸಂಕಲನ ಬಂದದ್ದು 1973ರಲ್ಲಿ. ಅದರ ಮುನ್ನುಡಿ ಆ ಕಾಲದಲ್ಲಿ ದೊಡ್ಡ ಗದ್ದಲ ಎಬ್ಬಿಸಿತ್ತು. ನವ್ಯ ಸಾಹಿತ್ಯದ ದಾರಿ ತನಗೆ ಸಾಕಾಯಿತು ಅಂತ ತೇಜಸ್ವಿ ಅಲ್ಲಿ ಬಹಿರಂಗವಾಗಿ ಹೇಳಿದರು. ಲೋಹಿಯಾ ಅವರ ಚಿಂತನೆ, ಕುವೆಂಪು ಅವರ ಕಲೆ, ಕಾರಂತರು ಬದುಕಿನ ಜೊತೆ ಮಾಡಿದ ಪ್ರಯೋಗ ಇವು ಮೂರು ತನಗೆ ದಾರಿ ಅಂದರು. ಆ ಸಂಕಲನದ ಭಾಷೆಯನ್ನು ಈಗ ಓದಿ ನೋಡಿ. ಊರಿನ ಪಂಚಾಯ್ತಿ ಕಟ್ಟೆ ಮೇಲೆ ಕೂತು ಒಬ್ಬ ನಗಿಸ್ತಾ ನಗಿಸ್ತಾ ಎಲ್ಲೋ ಒಂದು ಕಡೆ ಚಿವುಟಿದ ಹಾಗೆ. ಚಿವುಟಿದ್ದು ಗೊತ್ತಾಗೋದು ಮನೆಗೆ ಹೋದಮೇಲೆ.

ಅದೇ ವರ್ಷ ಎನ್. ಲಕ್ಷ್ಮೀನಾರಾಯಣ್ ಅವರು ಶೀರ್ಷಿಕೆ ಕಥೆಯನ್ನು ಸಿನಿಮಾ ಮಾಡಿದರು, ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. 1986ರಲ್ಲಿ ಗಿರೀಶ್ ಕಾಸರವಳ್ಳಿ ‘ತಬರನ ಕಥೆ’ ಮಾಡಿದರು. ಅದಕ್ಕೆ ಸ್ವರ್ಣಕಮಲ, ತಬರನ ಪಾತ್ರ ಮಾಡಿದ ಚಾರುಹಾಸನ್‌ಗೆ ಅತ್ಯುತ್ತಮ ನಟ ಪ್ರಶಸ್ತಿ. 1990ರ ದಶಕದ ಆರಂಭದಲ್ಲಿ ಸದಾನಂದ ಸುವರ್ಣ ‘ಕುಬಿ ಮತ್ತು ಇಯಾಲ’ ಮಾಡಿದರು, ಅಲ್ಲೂ ಚಾರುಹಾಸನ್. ಮೂರೂ ಗೌರವದ ಸಿನಿಮಾಗಳು. ‘ತಬರನ ಕಥೆ’ ನೋಡಿ ಎದ್ದು ಬರುವಾಗ ಯಾರ ಗಂಟಲೂ ಸರಿ ಇರಲ್ಲ. ಆದರೆ ಒಂದು ಗಮನಿಸಿ, ಈ ಮೂರರಲ್ಲೂ ನಗು ಬಹಳ ಕಮ್ಮಿ. ತಬರನ ಕಥೆಯನ್ನು ಪುಸ್ತಕದಲ್ಲಿ ಓದಿದರೆ ಸರ್ಕಾರಿ ಕಚೇರಿಯ ಅಸಂಬದ್ಧತೆಗೆ ನಗು ಬರುತ್ತೆ, ನಕ್ಕಿದ್ದಕ್ಕೆ ನಾಚಿಕೆಯೂ ಆಗುತ್ತೆ. ತೆರೆಯ ಮೇಲೆ ಆ ನಾಚಿಕೆ, ಆ ಸಂಕಟ ಉಳೀತು, ನಗು ಹಿಂದೆ ಸರೀತು. ಆಗ ಯಾರೂ “ತೇಜಸ್ವಿಯವರ ಅರ್ಧ ಎಲ್ಲಿ ಹೋಯ್ತು” ಅಂತ ದೊಡ್ಡ ದನಿಯಲ್ಲಿ ಕೇಳಿದ ಹಾಗಿಲ್ಲ. ದುಃಖ ಉಳಿಸಿಕೊಂಡರೆ ಅದು ಕಲೆ, ನಗು ಉಳಿಸಿಕೊಂಡರೆ ಅದು ಹಗುರ ಅನ್ನೋ ಒಂದು ತೀರ್ಮಾನ ನಮ್ಮ ಓದುವ ವರ್ಗಕ್ಕೆ ಅಂಟಿಕೊಂಡಿದೆ. ಇದು ನನ್ನ ಅಭಿಪ್ರಾಯ, ನೀವು ಒಪ್ಪಬೇಕಿಲ್ಲ.

ನಗುವಿನ ಪಾಳಿ ಬಂದದ್ದು ಬಹಳ ತಡವಾಗಿ. 2016ರ ಮಾರ್ಚ್‌ನಲ್ಲಿ ಸುಮನಾ ಕಿತ್ತೂರು ‘ಕಿರಗೂರಿನ ಗಯ್ಯಾಳಿಗಳು’ ತೆರೆಗೆ ತಂದರು. ಗಾಳಿಮಳೆಗೆ ಬಿದ್ದ ಹೆಬ್ಬಲಸಿನ ಮರ, ಅದರ ಸುತ್ತ ಎದ್ದ ಊರ ಜಗಳ, ಜಾತಿಗೆ ತಿರುಗಿದ ಆ ಜಗಳವನ್ನು ಬಾಯಿ ಜೋರಿನ ಹೆಂಗಸರು ಬೀದಿಗಿಳಿದು ಬಗೆಹರಿಸೋ ಪರಿ. ಆಗಲೂ ನಮ್ಮ ಕಡೆ ಎರಡು ಪಕ್ಷ. ಬೈಗುಳ ಜಾಸ್ತಿ ಆಯ್ತು, ಮನೆಮಂದಿ ಜೊತೆ ನೋಡೋಕಾಗಲ್ಲ ಅಂದರು ಕೆಲವರು. ತೋಟದ ಕೆಲಸಕ್ಕೆ ಬರೋ ಒಬ್ಬ ಹೆಂಗಸು ಲೈನ್ ಮನೆಯಲ್ಲಿ ಟಿವಿಯಲ್ಲಿ ನೋಡಿ, “ಅದ್ರಾಗೆ ಬೈಗುಳ ಎಲ್ಲಿತ್ತು?” ಅಂತ ನನ್ನನ್ನೇ ಕೇಳಿದರು. ಅವರಿಗೆ ಅದು ಬೈಗುಳ ಅನ್ನಿಸಿರಲೇ ಇಲ್ಲ, ಮಾತು ಅನ್ನಿಸಿತ್ತು. ಒಂದೇ ಸಿನಿಮಾ, ಒಂದೇ ತೋಟ, ಬಂಗಲೆ ಒಂದು ಕಡೆ ಮುಖ ಸಿಂಡರಿಸಿತು, ಲೈನು ಇನ್ನೊಂದು ಕಡೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮುಸ್ತಾಫಾಗೆ ವಾಪಸ್ ಬರೋಣ. ದೊಡ್ಡಪ್ಪನಿಗೆ ಉದ್ದ ಅನ್ನಿಸಿದ ಆ ಕ್ರಿಕೆಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಧರ್ಮದ ಲೆಕ್ಕದಲ್ಲಿ ಟೀಮ್ ಕಟ್ಟಿ ಆಡೋದು ಸಿನಿಮಾದವರ ಕಲ್ಪನೆ ಅಂತ ಹೊಸ ಹುಡುಗರು ಅಂದುಕೊಳ್ತಾರೆ. ಅದು ಈ ದೇಶದ ದೊಡ್ಡ ಟೂರ್ನಿಯೇ ಆಗಿತ್ತು. ಬಾಂಬೆಯಲ್ಲಿ ಮೊದಲು ಯುರೋಪಿಯನ್ನರು ಮತ್ತು ಪಾರ್ಸಿಗಳು ಆಡ್ತಿದ್ದರು, 1907ರಲ್ಲಿ ಹಿಂದೂ ತಂಡ ಸೇರಿತು, 1912ರಲ್ಲಿ ಮುಸ್ಲಿಂ ತಂಡ ಸೇರಿ ಅದು ಕ್ವಾಡ್ರಾಂಗುಲರ್ ಆಯಿತು. 1937ರಲ್ಲಿ ‘ದಿ ರೆಸ್ಟ್’ ಅಂತ ಐದನೇ ತಂಡ ಬಂದು ಪೆಂಟಾಂಗುಲರ್ ಆಯಿತು. ‘ದಿ ರೆಸ್ಟ್’ ಅಂದರೆ ಉಳಿದವರು, ಕ್ರೈಸ್ತರು ಮುಂತಾದವರು. ಹೆಸರಿನಲ್ಲೇ ಎಂಥ ತಮಾಷೆ ನೋಡಿ. ಆ ‘ಉಳಿದವರ’ ಪರವಾಗಿ 1943ರ ಟೂರ್ನಿಯಲ್ಲಿ ವಿಜಯ್ ಹಜಾರೆ ಹಿಂದೂ ತಂಡದ ವಿರುದ್ಧ ತಂಡದ 387 ರನ್ನಿನಲ್ಲಿ ಒಬ್ಬರೇ 309 ಹೊಡೆದರು. ಇನ್ನೊಂದು ಕಡೆ ನೋಡಿದರೆ, ಹಿಂದೂ ತಂಡದ ದೊಡ್ಡ ಬೌಲರ್ ಪಲ್ವಂಕರ್ ಬಾಲೂ ದಲಿತರು. ಮೈದಾನದಲ್ಲಿ ಅವರು ಬೇಕು, ಆದರೆ ನಾಯಕತ್ವ ಕೊಡೋಕೆ ಮನಸ್ಸಿರಲಿಲ್ಲ.

1940ರ ಡಿಸೆಂಬರಿನಲ್ಲಿ ಹಿಂದೂ ಜಿಮ್ಖಾನಾದವರು ವಾರ್ಧಾಕ್ಕೆ ಹೋಗಿ ಗಾಂಧೀಜಿಯವರ ಅಭಿಪ್ರಾಯ ಕೇಳಿದರು. ಕಾಲೇಜುಗಳ ನಡುವೆ ಪಂದ್ಯ ಆದರೆ ಸರಿ, ಧರ್ಮಗಳ ನಡುವೆ ಯಾಕೆ ಅನ್ನೋ ಅರ್ಥದಲ್ಲಿ ಗಾಂಧೀಜಿ ವಿರೋಧ ಹೇಳಿದರು. ಟೂರ್ನಿ ನಿಂತದ್ದು 1946ರಲ್ಲಿ. ಆದರೆ ಸ್ಟೇಡಿಯಮ್‌ನಲ್ಲಿ ನಿಂತದ್ದು ಗಲ್ಲಿಯಲ್ಲಿ ನಿಲ್ಲಲಿಲ್ಲ. ‘ನಮ್ಮೋರು’, ‘ಅವರು’ ಅಂತ ಟೀಮ್ ಮಾಡ್ಕೊಂಡು ಗದ್ದೆ ಬಯಲಲ್ಲಿ ಆಡಿದ ಮ್ಯಾಚು ನಮ್ಮ ತಲೆಮಾರಿನವರಿಗೆ ಹೊಸದಲ್ಲ. ಹಾಗಾಗಿ ಸಿನಿಮಾದ ಆ ಉದ್ದದ ಮ್ಯಾಚು ನನಗೆ ‘ಲಗಾನ್’ ಆಗಿ ಕಾಣಲಿಲ್ಲ. ‘ಲಗಾನ್’ನಲ್ಲಿ ಎದುರಾಳಿ ಬ್ರಿಟಿಷ್ ಸಾಹೇಬ, ಪಂದ್ಯ ಮುಗಿದ ಮೇಲೆ ಅವನು ಊರು ಬಿಟ್ಟು ಹೋಗ್ತಾನೆ. ಅಬಚೂರಿನಲ್ಲಿ ಯಾರೂ ಎಲ್ಲಿಗೂ ಹೋಗಲ್ಲ. ಮರುದಿನ ಅದೇ ಸಂತೆ, ಅದೇ ಅಂಗಡಿ, ಸಾಲದ ಪುಸ್ತಕವೂ ಅದೇ.

ಅಬಚೂರು ಅನ್ನೋ ಊರನ್ನು ಮ್ಯಾಪಿನಲ್ಲಿ ಹುಡುಕಬೇಡಿ, ಸಿಗಲ್ಲ. ಆದರೆ ಊರು ಕಟ್ಟಿದ ಸಾಮಾನು ಇಲ್ಲೇ ಇದೆ. ಚಾರ್ಮಾಡಿ ಘಟ್ಟ ಹತ್ತಿ ಮೀನು, ಕಿತ್ತಳೆ, ಮೆಣಸು, ಮರದ ವ್ಯಾಪಾರಕ್ಕೆ ಬಂದ ಬ್ಯಾರಿಗಳಿಲ್ಲದೆ ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಪೇಟೆಯನ್ನು ಊಹಿಸೋಕೆ ಆಗಲ್ಲ. ಇನ್ನು ಕಾಫಿಯೇ ಈ ಬೆಟ್ಟಕ್ಕೆ ಹೇಗೆ ಬಂತು ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಬರೋದು ಯೆಮನ್‌ನಿಂದ ಏಳು ಬೀಜ ತಂದ ಬಾಬಾ ಬುಡನ್ ಕಥೆ. ಅದೇ ಬಾಬಾ ಬುಡನ್‌ಗಿರಿ, ಅದೇ ದತ್ತಪೀಠ, ಇಬ್ಬರೂ ನಡೆದುಕೊಳ್ಳೋ ಒಂದು ಗುಹೆ. 1990ರ ದಶಕದಿಂದ ಈಚೆಗೆ ಪ್ರತಿ ಡಿಸೆಂಬರಿನಲ್ಲಿ ದತ್ತ ಜಯಂತಿ ಬಂದರೆ ಚಿಕ್ಕಮಗಳೂರಿಗೆ ಪೊಲೀಸ್ ವ್ಯಾನುಗಳೂ ಬರ್ತವೆ. ಕೊಯ್ಲಿನ ಕಾಲ ಬೇರೆ, ಆಳು ಬರಲ್ಲ, ಲಾರಿ ಓಡಲ್ಲ ಅಂತ ಬೆಳೆಗಾರರು ಗೊಣಗೋದನ್ನ ಕೇಳ್ತಾ ಬೆಳೆದ ಒಂದು ತಲೆಮಾರೇ ಇಲ್ಲಿದೆ.

ಕಾಲೇಜಿನ ಬೆಂಚಿನ ವಿಷಯವೂ ಹಳೇ ಕಾಲದ ಕಥೆಯಾಗಿ ಉಳಿಯಲಿಲ್ಲ. 2022ರ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಬಾಳಗಡಿ ಕಾಲೇಜಿನಲ್ಲಿ ಹಿಜಾಬ್‌ಗೆ ಎದುರಾಗಿ ಹುಡುಗರು ಕೇಸರಿ ಶಾಲು ಹಾಕಿಕೊಂಡು ಬಂದರು. ಉಡುಪಿಯ ಸುದ್ದಿ ಅದರ ಜೊತೆಗೇ ಬೆಳೆದು ರಾಜ್ಯವೆಲ್ಲ ಹಬ್ಬಿತು. ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು ಬಂತು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ಇದಾಗಿ ಏಳು ತಿಂಗಳಿಗೆ ಈ ಸಿನಿಮಾ ಬಂದದ್ದು. ಅರ್ಧ ಶತಮಾನದ ಹಿಂದೆ ತೇಜಸ್ವಿ ಬರೆಯುವಾಗ ‘ಕ್ಲಾಸಿಗೆ ಒಬ್ಬ ಮುಸ್ಲಿಂ ಹುಡುಗ ಬಂದ’ ಅನ್ನೋದು ಒಂದು ಕುತೂಹಲದ ಸಾಲು. 2023ರಲ್ಲಿ ಅದೇ ಸಾಲು ಥಿಯೇಟರಿನಲ್ಲಿ ಬಂದಾಗ ನಾನು ಕೂತಿದ್ದ ಕಡೆ ಒಂದು ಕ್ಷಣ ಯಾರೂ ಪಾಪ್‌ಕಾರ್ನ್ ಮೆಲ್ಲಲಿಲ್ಲ. ನಗು ಬಂದದ್ದು ಆಮೇಲೆ. ಬಂದಾಗ ಜೋರಾಗಿಯೇ ಬಂತು.

ಜೂನ್ ತಿಂಗಳಲ್ಲಿ ಸಿದ್ದರಾಮಯ್ಯ ಅವರ ಸರ್ಕಾರ ಈ ಚಿತ್ರಕ್ಕೆ ತೆರಿಗೆ ವಿನಾಯಿತಿ ಕೊಟ್ಟಿತು. ಆ ಹೊತ್ತಿಗೆ ನಮ್ಮಲ್ಲಿ ಮಳೆ ಹಿಡಿದಿತ್ತು, ರಜೆ ಮುಗಿದಿತ್ತು. ವಿನಾಯಿತಿಯಿಂದ ಅಭಿಪ್ರಾಯಗಳೇನೂ ಬದಲಾಗಲಿಲ್ಲ. “ನೋಡಿದ್ಯಾ, ನಾನು ಹೇಳಿರಲಿಲ್ವಾ” ಅಂತ ಎರಡೂ ಪಕ್ಷದವರು ಹೇಳಿಕೊಂಡರು. ಟ್ರೇಲರ್ ಮಾತ್ರ ನೋಡಿದ್ದ ನೆಂಟರಂತೂ ಬಹಳ ಖುಷಿಯಾಗಿದ್ದರು.

ನನಗೆ ಇಷ್ಟ ಆಯಿತಾ ಅಂತ ಕೇಳಿದರೆ, ಆಯಿತು. ಎರಡನೇ ಅರ್ಧದಲ್ಲಿ ಕತ್ತರಿ ಆಡಿಸಬಹುದಿತ್ತು ಅನ್ನೋದರಲ್ಲಿ ದೊಡ್ಡಪ್ಪನ ಪಕ್ಷ ನಾನು. ಆದರೆ ಅತಿ ಮಾಡಿದರು ಅನ್ನೋದನ್ನು ಒಪ್ಪಲ್ಲ. ಭಯವನ್ನು ನಗಿಸಬೇಕಾದರೆ ಸ್ವಲ್ಪ ಅತಿ ಮಾಡಲೇಬೇಕು. ಕ್ಲಾಸಿನ ಹುಡುಗರು ಮುಸ್ತಾಫಾನ ಬಗ್ಗೆ ಕಟ್ಟಿಕೊಳ್ಳೋ ಕಲ್ಪನೆಗಳು ಕಾಮಿಕ್ಸ್ ಥರ ಇವೆ ಅಂದರೆ, ನಾವು ಇನ್ನೊಬ್ಬರ ಬಗ್ಗೆ ಕಟ್ಟಿಕೊಳ್ಳೋ ಕಲ್ಪನೆಗಳೂ ಕಾಮಿಕ್ಸ್ ಮಟ್ಟದವೇ ಅಲ್ವಾ? ವಾಟ್ಸಾಪ್ ತೆಗೆದು ನೋಡಿ.

ನಾನು ಉತ್ತರ ಹೇಳಲಾಗದೆ ಉಳಿದ ಪ್ರಶ್ನೆ ಒಂದೇ. ಅದು ಬಂದದ್ದು ನಮ್ಮ ಮನೆಯಿಂದಲ್ಲ, ನನ್ನ ಜೊತೆ ಹೈಸ್ಕೂಲು ಓದಿದ, ಈಗ ಮೆಣಸು, ಕಾಫಿ ಖರೀದಿ ಮಾಡುವ ಗೆಳೆಯನಿಂದ. ಅವನೂ ಹೆಂಡತಿ ಮಕ್ಕಳ ಜೊತೆ ಹೋಗಿ ನೋಡಿದ್ದ, ಚೆನ್ನಾಗಿ ನಕ್ಕಿದ್ದ. ಕಾಫಿ ಚೀಲ ತೂಗಿಸ್ತಾ ನಿಂತಾಗ ಹೇಳಿದ: “ಮಾರಾಯ, ಪಿಚ್ಚರ್ ಲಾಯ್ಕುಂಟು. ಆದ್ರೆ ಅವ ನೋಡು, ಚಂದ ಉಂಟು, ಧೈರ್ಯ ಉಂಟು, ಆಟದಲ್ಲೂ ಮುಂದೆ. ಹಂಗಾಗಿ ಎಲ್ಲರಿಗೂ ಇಷ್ಟ ಆದ. ನನ್ನ ಥರ ಲಾಸ್ಟ್ ಬೆಂಚಲ್ಲಿ ಕೂತು, ಬ್ಯಾಟ್ ಹಿಡಿಯೋಕೂ ಬಾರದೆ, ಮೂವತ್ತೈದು ಮಾರ್ಕ್ಸಿಗೆ ಪಾಸಾಗೋ ಮುಸ್ತಾಫಾ ಆಗಿದ್ರೆ?”

ನಾನು ನಕ್ಕೆ. ಅವನೂ ನಕ್ಕ. ಆಮೇಲೆ ತೂಕದ ಚೀಟಿ ಬರೆದ.

ತಬರನಿಗೆ ಯಾವ ಡೇರ್‌ಡೆವಿಲ್ ಗುಣವೂ ಇರಲಿಲ್ಲ ಅಂತ ಮನೆಗೆ ಬರುವಾಗ ದಾರಿಯಲ್ಲಿ ನೆನಪಾಯಿತು. ಅವನಿಗೆ ಪಿಂಚಣಿ ಸಕಾಲಕ್ಕೆ ಬರಲಿಲ್ಲ. ಎರಡೂ ಕಥೆ ಒಂದೇ ಸಂಕಲನದಲ್ಲಿವೆ. ಎರಡನ್ನೂ ಒಂದೇ ಸಂಜೆ ಓದಿ ನೋಡಿ, ಒಂದು ಗಂಟೆ ಸಾಕು. ನಿಮ್ಮ ಮನೆಯಲ್ಲಿ ಯಾರು ಎಲ್ಲಿ ನಕ್ಕರು, ಯಾರು ಎಲ್ಲಿ ಎದ್ದು ಹೋದರು ಅಂತ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.